ಆಂಪಿಲ್ಲದ ಗಿಟಾರಿನ ಗರ್ಜನೆ

2013ರ ಡಿಸೆಂಬರ್ 8ರಂದು ಮೆಟಾಲಿಕಾ ತಂಡ ಅಂಟಾರ್ಕ್ಟಿಕಾದಲ್ಲಿ ಕಛೇರಿ ಕೊಟ್ಟಿತು. ಅರ್ಜೆಂಟೀನಾದ ಕಾರ್ಲೀನಿ ಸಂಶೋಧನಾ ನೆಲೆಯಲ್ಲಿ ಒಂದು ಪಾರದರ್ಶಕ ಗುಮ್ಮಟ, ಅದರೊಳಗೆ ನೂರು ಚಿಲ್ಲರೆ ಕೇಳುಗರು. ಕಿವಿಗಡಚಿಕ್ಕುವ ಸದ್ದಿಗೇ ಹೆಸರಾದ ಈ ತಂಡ ಅಂದು ಕೇಳುಗರ ಕಡೆಗೆ ಒಂದು ಸ್ಪೀಕರನ್ನೂ ತಿರುಗಿಸಲಿಲ್ಲ. ಅಲ್ಲಿನ ಪರಿಸರಕ್ಕೆ ತೊಂದರೆಯಾಗಬಾರದೆಂದು ಎಲ್ಲರ ಕಿವಿಗೂ ಹೆಡ್‌ಫೋನ್ ಕೊಡಲಾಗಿತ್ತು. ಅದನ್ನು ತೆಗೆದರೆ ಉಳಿಯುವುದು ಡ್ರಮ್ಮಿನ ಬಡಿತ, ಹಾಡುಗಾರನ ಬರಿಗಂಟಲು, ಅಷ್ಟೇ. ಎರಡು ವರ್ಷ ಹಿಂದೆ, 2011ರ ಅಕ್ಟೋಬರ್ 30ರಂದು, ಇದೇ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಅಲ್ಲಿದ್ದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ಆ ದಶಕದಲ್ಲಿ ಅವರ ಗಿಟಾರ್ ಸದ್ದಿನ ಮೂಲವೇ ಬದಲಾಯಿತು. ವೇದಿಕೆಯ ಹಿಂದೆ ಗೋಡೆಯಂತೆ ಪೇರಿಸಿಡುತ್ತಿದ್ದ ಆಂಪ್ಲಿಫೈಯರುಗಳ ಜಾಗಕ್ಕೆ ಫ್ರಾಕ್ಟಲ್ ಆಡಿಯೊ ಕಂಪನಿಯ ಆಕ್ಸ್-ಎಫ್‌ಎಕ್ಸ್ ಎಂಬ ಪೆಟ್ಟಿಗೆ ಬಂತು. ಅದು ಆಂಪ್ ಅಲ್ಲ, ಆಂಪಿನ ನಡವಳಿಕೆಯನ್ನು ಲೆಕ್ಕ ಹಾಕುವ ಕಂಪ್ಯೂಟರು. ಈ ಜಾತಿಯ ಯಂತ್ರಗಳಿಗೆ ಮಾಡೆಲರ್ ಎಂದು ಹೆಸರು. ನಮ್ಮ ಆರ್ಕೆಸ್ಟ್ರಾ ಗಿಟಾರ್ ವಾದಕರಿಗೆ ಪರಿಚಯವಿರುವ ಪ್ರೊಸೆಸರಿನ ಮುಂದಿನ ತಲೆಮಾರು ಎಂದುಕೊಳ್ಳಬಹುದು.

ಸದ್ದನ್ನು ದೊಡ್ಡದು ಮಾಡುವುದಷ್ಟೇ ಆಂಪಿನ ಕೆಲಸವಾಗಿದ್ದರೆ ಇದರಲ್ಲಿ ಹೇಳುವಂಥದ್ದು ಏನೂ ಇರುತ್ತಿರಲಿಲ್ಲ. ಎಲೆಕ್ಟ್ರಿಕ್ ಗಿಟಾರಿನ ತಂತಿ ಅದುರಿದಾಗ ಕೆಳಗಿನ ಪಿಕಪ್ಪಿನ ಕಾಂತಕ್ಷೇತ್ರ ಕಲಕಿ, ಸುರುಳಿಯಲ್ಲಿ ವೋಲ್ಟಿನ ಒಂದು ಸಣ್ಣ ಭಾಗದಷ್ಟು ವಿದ್ಯುತ್ ಹುಟ್ಟುತ್ತದೆ. ಹಳೆಯ ವಾಲ್ವ್ (ನಿರ್ವಾತ ನಳಿಗೆ) ಆಂಪುಗಳಲ್ಲಿ ಅದನ್ನು ಹಿಗ್ಗಿಸುವ ಮೊದಲ ವಾಲ್ವು ಸಾಮಾನ್ಯವಾಗಿ 12ಎಎಕ್ಸ್7. ಅದರ ವರ್ಧನಾಂಕ 100. ಇಂಥ ಎರಡು ಮೂರು ಹಂತಗಳನ್ನು ಸಾಲಾಗಿ ಜೋಡಿಸಿದರೆ ಯಾವುದೋ ಒಂದು ಹಂತದಲ್ಲಿ ವಾಲ್ವಿನ ಶಕ್ತಿ ಮುಗಿಯುತ್ತದೆ. ಅಲೆಯ ತುದಿ ಇನ್ನೂ ಏರಬೇಕು, ಆದರೆ ವೋಲ್ಟೇಜಿಗೆ ಮಿತಿ ಇದೆ. ತುದಿ ಚಪ್ಪಟೆಯಾಗುತ್ತದೆ. ಇಂಜಿನಿಯರ್ ಇದನ್ನು ದೋಷ ಎನ್ನುತ್ತಾನೆ. ರಾಕ್ ಸಂಗೀತ ಹುಟ್ಟಿದ್ದೇ ಈ ದೋಷದಿಂದ. 1951ರ 'ರಾಕೆಟ್ 88' ಹಾಡಿನಲ್ಲಿ ಕೇಳುವ ಒರಟು ಗಿಟಾರು ಪೆಟ್ಟುಬಿದ್ದ ಆಂಪಿನದು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಬೇಕೆಂದೇ ಬ್ಲೇಡ್ ತೆಗೆದುಕೊಂಡು ಸ್ಪೀಕರಿನ ಕಾಗದದ ಶಂಕುವನ್ನು ಸೀಳಿದ.

ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಮುಂಚೆ ಇಲ್ಲದ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. 110 ಹರ್ಟ್ಜಿನ ತಂತಿಗೆ 220, 330, 440 ಹೀಗೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಒಂದೆಳೆ ನೂಲು ಸಿಗಿಸಿದೊಡನೆ ಬಡಕಲು ನಾದ ತುಂಬಿಕೊಂಡು ಝೇಂಕರಿಸುತ್ತದಲ್ಲ, ಅಲ್ಲಿಯೂ ಆಗುವುದು ಇದರ ಹತ್ತಿರದ ಸಂಗತಿಯೇ: ತಂತಿಯ ಸರಳ ಅದುರಾಟಕ್ಕೆ ಒಂದು ತಡೆ, ಆ ತಡೆಯಿಂದ ಉಪಸ್ವರಗಳ ಸಮೃದ್ಧಿ. ಆದರೆ ಆಂಪ್ ಇನ್ನೂ ಒಂದು ಕೈ ಮುಂದೆ ಹೋಗುತ್ತದೆ. ಎರಡು ಸ್ವರ ಒಟ್ಟಿಗೆ ನುಡಿಸಿದರೆ ಅವುಗಳ ಮೊತ್ತ ಮತ್ತು ವ್ಯತ್ಯಾಸಗಳೂ ಸದ್ದಿನೊಳಗೆ ಬರುತ್ತವೆ. ಷಡ್ಜವನ್ನು 110ರಲ್ಲಿ ಇಟ್ಟು ಪಂಚಮವನ್ನು 165ರಲ್ಲಿ ಮೀಟಿದರೆ, ಯಾರೂ ಮೀಟದ 55 ಹರ್ಟ್ಜ್, ಅಂದರೆ ಒಂದು ಸ್ಥಾಯಿ ಕೆಳಗಿನ ಷಡ್ಜ, ತಾನಾಗಿ ಎದ್ದು ಬರುತ್ತದೆ. ಹೆವಿ ಮೆಟಲ್ ವಾದಕರು ಬರೀ ಸ-ಪ ಹಿಡಿದು ನೆಲ ನಡುಗಿಸುವುದರ ಹಿಂದಿರುವ ಗಣಿತ ಇದು. ಗಾಂಧಾರವನ್ನೂ ಸೇರಿಸಿದರೆ ವ್ಯತ್ಯಾಸಗಳು ಹೊಂದಿಕೊಳ್ಳದೆ ಸದ್ದು ರಾಡಿಯಾಗುತ್ತದೆ.

ಮಾಡೆಲರಿಗೆ ಕಷ್ಟ ಇರುವುದು ಇಲ್ಲೇ. ಆಂಪಿನ ವರ್ತನೆ ಒಂದೇ ತೆರನಲ್ಲ. ಮೆಲ್ಲಗೆ ಮೀಟಿದರೆ ಸ್ವಚ್ಛ ಸ್ವರ, ಬಲವಾಗಿ ಮೀಟಿದರೆ ಒರಟು. ಗಿಟಾರಿನ ವಾಲ್ಯೂಮ್ ಗುಬ್ಬಿಯನ್ನು ಒಂದಿಷ್ಟು ಇಳಿಸಿದರೆ ಮತ್ತೆ ಬೇರೆ. ಕೆಲವು ಆಂಪುಗಳಲ್ಲಿ ಜೋರಾಗಿ ಹೊಡೆದ ಕ್ಷಣ ಒಳಗಿನ ವಿದ್ಯುತ್ ಪೂರೈಕೆಯೇ ಕುಸಿದು, ಸ್ವರ ಮೊದಲು ಕುಗ್ಗಿ ಆಮೇಲೆ ಅರಳುತ್ತದೆ. ಈಗ ಬರುವ ಸದ್ದು ಅರೆಕ್ಷಣ ಹಿಂದೆ ಏನು ನುಡಿಸಿದಿರಿ ಎಂಬುದನ್ನೂ ಅವಲಂಬಿಸಿದೆ ಎಂದಾಯಿತು. ಬಾಸ್, ಟ್ರೆಬಲ್ ತಿದ್ದಿ ಇದನ್ನು ನಕಲು ಮಾಡಲು ಬರುವುದಿಲ್ಲ.

ಯಂತ್ರ ಮೊದಲಿಗೆ ಗಿಟಾರಿನ ವೋಲ್ಟೇಜನ್ನು ಸಾಮಾನ್ಯವಾಗಿ ಸೆಕೆಂಡಿಗೆ 48,000 ಸಲ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ. 24 ಬಿಟ್ ಯಂತ್ರವಾದರೆ ಪ್ರತಿ ಅಳತೆಗೆ 1.67 ಕೋಟಿಗೂ ಹೆಚ್ಚು ಮಟ್ಟಗಳಿವೆ. ಆಮೇಲಿನ ಲೆಕ್ಕಕ್ಕೆ ದಾರಿಗಳು ಹಲವು. ಹಳೆಯ ದಾರಿಯೆಂದರೆ ಸರ್ಕ್ಯೂಟನ್ನೇ ಸಮೀಕರಣಗಳಾಗಿ ಬರೆದು, ಪ್ರತಿ ಅಳತೆಗೂ ಒಂದೊಂದು ಬಿಡಿಭಾಗದ ವೋಲ್ಟೇಜನ್ನು ಬಿಡಿಸುವುದು. 1998ರಲ್ಲಿ ಬಂದು ಮಾಡೆಲರುಗಳನ್ನು ಮನೆಮನೆಗೆ ತಲುಪಿಸಿದ ಲೈನ್ 6 ಕಂಪನಿಯ ಕೆಂಪು 'ಪಾಡ್' ಇದರ ಸರಳ ರೂಪವನ್ನು ಬಳಸಿತ್ತು. ಅಂದಿನ ಚಿಪ್ಪುಗಳಿಗೆ ಅದಕ್ಕಿಂತ ಹೆಚ್ಚು ತಾಕತ್ತಿರಲಿಲ್ಲ. 2011ರಲ್ಲಿ ಜರ್ಮನಿಯ ಕ್ರಿಸ್ಟೋಫ್ ಕೆಂಪರ್ ಬೇರೆ ಹಾದಿ ಹಿಡಿದರು. ನಿಜವಾದ ಆಂಪಿನೊಳಕ್ಕೆ ಅವರ ಯಂತ್ರ ವಿಚಿತ್ರ ಸದ್ದುಗಳನ್ನು ಕಳಿಸಿ, ಹೊರಬಂದದ್ದನ್ನು ಮೈಕಿನಲ್ಲಿ ಕೇಳಿ, ಅದರ ಚಹರೆ ಗುರುತಿಟ್ಟುಕೊಳ್ಳುತ್ತದೆ. ಈಚಿನದು ನರಜಾಲ: ಕೆಲವು ನಿಮಿಷದ ವಾದನವನ್ನು ಆಂಪಿಗೆ ಮುಂಚೆ ಹೇಗಿತ್ತು, ಆಂಪಿನ ನಂತರ ಹೇಗಾಯಿತು ಎಂದು ಜೋಡಿಯಾಗಿ ತೋರಿಸಿದರೆ ಸಾಕು, ಒಳಗೆ ಯಾವ ವಾಲ್ವಿದೆ ಎಂಬ ಗೊಡವೆಯೇ ಇಲ್ಲದೆ ಅದು ನಡುವಿನ ಸಂಬಂಧವನ್ನು ಕಲಿಯುತ್ತದೆ. ಹೆಲ್ಸಿಂಕಿಯ ನ್ಯೂರಲ್ ಡಿಎಸ್‌ಪಿ ಕಂಪನಿ ಇದನ್ನು ಕಾಲಿನಲ್ಲಿ ತುಳಿಯುವ ಪೆಟ್ಟಿಗೆಯೊಳಗೆ ಇಟ್ಟು ಮಾರುತ್ತಿದೆ. ನ್ಯೂರಲ್ ಆಂಪ್ ಮಾಡೆಲರ್ ಎಂಬ ತಂತ್ರಾಂಶವಂತೂ ಪುಕ್ಕಟೆ. ಈ ಕಲಿಕೆಗೂ ಒಂದು ಮಿತಿ ಇದೆ. ಆಂಪಿನ ಗುಬ್ಬಿಗಳು ಅಂದು ಯಾವ ಸ್ಥಾನದಲ್ಲಿದ್ದವೋ ಆ ಸ್ಥಾನದ ಪಾಠವಷ್ಟೇ ಅದಕ್ಕೆ ಗೊತ್ತು. ಗುಬ್ಬಿ ತಿರುಗಿಸಿದರೆ ನಿಜವಾದ ಆಂಪ್ ಏನು ಮಾಡುತ್ತಿತ್ತು ಎಂದು ತಿಳಿಯಲು ಆ ಪಾಠವನ್ನೂ ಬೇರೆಯಾಗಿ ಹೇಳಬೇಕು.

ಡಿಜಿಟಲ್ ಸದ್ದು ಬರೀ ಪ್ಲಾಸ್ಟಿಕ್ಕು ಎಂದು ಹಳೆಯ ವಾದಕರು ಗೊಣಗುತ್ತಿದ್ದುದಕ್ಕೆ ಒಂದು ಗಟ್ಟಿ ಕಾರಣವಿತ್ತು. 48,000 ಅಳತೆಗಳಲ್ಲಿ ಹಿಡಿಯಬಹುದಾದ ಅತಿ ಎತ್ತರದ ಸ್ವರ ಅದರ ಅರ್ಧ, 24,000 ಹರ್ಟ್ಜ್. ಅಲೆಯ ತುದಿ ಚಪ್ಪಟೆಯಾದಾಗ ಹುಟ್ಟುವ ಉಪಸ್ವರಗಳು ಈ ಗಡಿಗೆ ನಿಲ್ಲುವುದಿಲ್ಲ. ಗಡಿ ದಾಟಿದ್ದು ಮಾಯವಾಗುವ ಬದಲು ಮಡಚಿಕೊಂಡು ಕೆಳಗೆ ಇಳಿಯುತ್ತದೆ. 5,000 ಹರ್ಟ್ಜಿನ ಸ್ವರದ ಒಂಬತ್ತು ಪಟ್ಟಿನ ಉಪಸ್ವರ 45,000ದಲ್ಲಿರಬೇಕು; ಲೆಕ್ಕದಲ್ಲಿ ಅದು 3,000ವಾಗಿ ಕೇಳುತ್ತದೆ. ಮೂಲ ಸ್ವರಕ್ಕೂ ಕೆಳಗೆ, ಯಾವ ಶ್ರುತಿಗೂ ಸೇರದ ಒಂದು ಅಪಸ್ವರ! ವಾದಕ ಸ್ವರವನ್ನು ಮೇಲಕ್ಕೆ ಎಳೆದರೆ ಇದು ಕೆಳಕ್ಕೆ ಜಾರುತ್ತದೆ. ಇದಕ್ಕೆ ಪರಿಹಾರವೆಂದರೆ ಒಳಗಿನ ಲೆಕ್ಕವನ್ನು ನಾಲ್ಕೋ ಎಂಟೋ ಪಟ್ಟು ವೇಗದಲ್ಲಿ ಮಾಡಿ, ಮೇಲಿನ ಕಸವನ್ನು ಸೋಸಿ, ಆಮೇಲೆ 48,000ಕ್ಕೆ ಇಳಿಸುವುದು. ಚಿಪ್ಪುಗಳ ವೇಗ ಹೆಚ್ಚಿದಂತೆ ಗೊಣಗಾಟ ತಗ್ಗಿದ್ದರಲ್ಲಿ ಇದರ ಪಾಲು ದೊಡ್ಡದು.

ಇನ್ನು ಸ್ಪೀಕರು. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರು 5,000 ಹರ್ಟ್ಜ್ ದಾಟಿದ ಮೇಲೆ ಹೆಚ್ಚುಕಡಿಮೆ ಮೌನಿ. ವಾಲ್ವಿನ ಕರ್ಕಶ ಭಾಗವನ್ನೆಲ್ಲ ಸೋಸುವುದು ಈ ದಡ್ಡ ಸ್ಪೀಕರೇ. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಅಗ್ಗದ ಪ್ರೊಸೆಸರಿನಿಂದ ನೇರ ಮಿಕ್ಸರಿಗೆ ವೈರು ಸಿಕ್ಕಿಸಿದಾಗ ಸೋಲೊ ಶುರುವಾಗುತ್ತಲೇ ಹಲ್ಲು ಜುಮ್ಮೆನ್ನುತ್ತಿತ್ತಲ್ಲ, ಅಲ್ಲಿ ಇಲ್ಲದೆ ಹೋದದ್ದು ಈ ಸೋಸುವಿಕೆ. ಮಾಡೆಲರು ಇದನ್ನು ಇಂಪಲ್ಸ್ ರೆಸ್ಪಾನ್ಸ್ ಎಂಬ ಪುಟ್ಟ ಫೈಲಿನಿಂದ ತುಂಬಿಕೊಡುತ್ತದೆ. ಸ್ಪೀಕರಿನಲ್ಲಿ ತಗ್ಗಿನಿಂದ ಎತ್ತರಕ್ಕೆ ಜಾರುವ ಸ್ವರವೊಂದನ್ನು ಹಾಯಿಸಿ, ಮೈಕಿನಲ್ಲಿ ಹಿಡಿದು, ಅದರಿಂದ ಸ್ಪೀಕರಿನ ಪೂರ್ಣ ಪ್ರತಿಕ್ರಿಯೆಯನ್ನು ಲೆಕ್ಕ ಹಾಕಿ ತೆಗೆಯುತ್ತಾರೆ. 2,048 ಅಂಕಿಗಳ, ಅಂದರೆ ಸುಮಾರು 43 ಮಿಲಿಸೆಕೆಂಡಿನ ಫೈಲು ಸಾಕು. ಅಡ್ಡದಾರಿ ಹಿಡಿಯದೆ ನೇರವಾಗಿ ಮಾಡಿದರೆ ಸೆಕೆಂಡಿಗೆ ಸುಮಾರು 9.8 ಕೋಟಿ ಗುಣಾಕಾರ. ಅಡ್ಡದಾರಿಗಳೂ ಇವೆ.

ಆ ಫೈಲಿನಲ್ಲಿ ಸ್ಪೀಕರಷ್ಟೇ ಅಲ್ಲ, ಅದರ ಮುಂದೆ ಇಟ್ಟ ಮೈಕೂ ಇರುತ್ತದೆ. ಮಾಡೆಲರ್ ಬೇಕೋ ಬೇಡವೋ ಎಂಬ ಜಗಳದ ಬೇರು ಇಲ್ಲಿದೆ ಎಂದು ನನ್ನ ಅಭಿಪ್ರಾಯ. ವೇದಿಕೆಯ ಮೇಲೆ ಆಂಪಿನ ಪಕ್ಕದಲ್ಲಿ ನಿಂತ ವಾದಕನಿಗೆ ಗಾಳಿ ತಳ್ಳುವ ಪೆಟ್ಟಿಗೆಯ ಸದ್ದು ಮೀನಖಂಡಕ್ಕೆ ತಾಗಿ ಕೇಳುತ್ತದೆ. ಮೈದಾನದ ನಡುವೆ ನಿಂತ ಕೇಳುಗ ಅದನ್ನು ಎಂದೂ ಕೇಳಿದವನೇ ಅಲ್ಲ. ಸ್ಪೀಕರಿನ ಬಟ್ಟೆಗೆ ಮೂಗು ತಾಗಿಸಿದ ಒಂದು ಮೈಕು, ಅದರಿಂದ ಮಿಕ್ಸರ್, ಅಲ್ಲಿಂದ ದೊಡ್ಡ ಸ್ಪೀಕರುಗಳು: ದೊಡ್ಡ ಕಛೇರಿಗಳಲ್ಲಿ ಅವನ ಪಾಲಿಗೆ ಬಂದದ್ದು ದಶಕಗಳಿಂದ ಇಷ್ಟೇ. ಮಾಡೆಲರ್ ನಕಲು ಮಾಡುವುದೂ ಇದನ್ನೇ. ಹಾಗಾಗಿ ಆಂಪಿನ ಮಜಾ ಹೋಯಿತು ಎಂದು ವಾದಕ ಕೊರಗುವುದು ನೂರಕ್ಕೆ ನೂರು ನಿಜ, ಕೇಳುಗ ಏನೂ ಕಳೆದುಕೊಳ್ಳದಿರುವುದೂ ಅಷ್ಟೇ ನಿಜ. ಒಂದು ರೀತಿಯಲ್ಲಿ ಕೇಳುಗನಿಗೆ ಲಾಭವೇ. 100 ವಾಟಿನ ಆಂಪು ಹಾಡುಗಾರನ ಮೈಕಿಗೆ ನುಗ್ಗಿ ಸಾಹಿತ್ಯವನ್ನು ನುಂಗುವುದು ತಪ್ಪುತ್ತದೆ.

ಮನೆಯಲ್ಲಿ ಅಷ್ಟು ಚೆನ್ನಾಗಿದ್ದ ಸದ್ದು ವೇದಿಕೆಯಲ್ಲಿ ಯಾಕೆ ಕೆಡುತ್ತದೆ ಎನ್ನುವುದು ಹೊಸದಾಗಿ ಮಾಡೆಲರ್ ಕೊಂಡವರ ಮಾಮೂಲಿ ಅಳಲು. ಇಲ್ಲಿ ಯಂತ್ರದ್ದು ತಪ್ಪಿಲ್ಲ, ಕಿವಿಯ ಸ್ವಭಾವವೇ ಹಾಗೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದ್ದು ಇದು: ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳೂ ತೀರಾ ಎತ್ತರದ ಸ್ವರಗಳೂ ಮಂದವಾಗಿ ಕೇಳುತ್ತವೆ, ಸದ್ದು ಏರಿದಂತೆ ಈ ತಾರತಮ್ಯ ಕಡಿಮೆಯಾಗುತ್ತದೆ. ರಾತ್ರಿ ಅಕ್ಕಪಕ್ಕದವರಿಗೆ ಹೆದರಿ ಮೆಲುದನಿಯಲ್ಲಿ ಕೂತು ಹೊಂದಿಸಿದವನು ತಿಳಿಯದೆಯೇ ಬಾಸನ್ನೂ ಟ್ರೆಬಲ್ಲನ್ನೂ ಹೆಚ್ಚಿಗೆ ಇಟ್ಟಿರುತ್ತಾನೆ. ಅದೇ ಸದ್ದು ಮೈದಾನದಲ್ಲಿ ನೂರು ಡೆಸಿಬೆಲ್‌ಗೆ ಏರಿದಾಗ ಕೆಳಗೆ ಗುಂಯ್ ಎನ್ನುತ್ತದೆ, ಮೇಲೆ ಕಿವಿ ಕೊರೆಯುತ್ತದೆ. ಅನುಭವಸ್ಥರು ಕಛೇರಿಯ ಸದ್ದನ್ನು ಕಛೇರಿಯ ಮಟ್ಟದಲ್ಲೇ ಹೊಂದಿಸುತ್ತಾರೆ. 80–100 ಹರ್ಟ್ಜಿನ ಕೆಳಗಿನದನ್ನು ಕತ್ತರಿಸಿ ಬಾಸ್ ಗಿಟಾರಿಗೆ ಬಿಡುತ್ತಾರೆ, ಆರೇಳು ಸಾವಿರದ ಮೇಲಿನದನ್ನು ಸಿಂಬಲ್ಲಿಗೆ. ಒಂಟಿಯಾಗಿ ಕೇಳಿದರೆ ಆ ಸದ್ದು ಬಡಕಲು. ತಂಡದೊಳಗೆ ಅದಕ್ಕೆ ಜಾಗ ಸಿಗುತ್ತದೆ.

ಲೆಕ್ಕ ಹಾಕಲು ಹಿಡಿಯುವ ಹೊತ್ತಿನ ಬಗ್ಗೆ ಇರುವ ಭಯ ಮಾತ್ರ ಕೊಂಚ ಅತಿಯಾದದ್ದು. ಒಳ್ಳೆಯ ಮಾಡೆಲರಿಗೆ ತಗಲುವುದು ಎರಡು ಮೂರು ಮಿಲಿಸೆಕೆಂಡು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಮೂರು ಮಿಲಿಸೆಕೆಂಡೆಂದರೆ ಒಂದು ಮೀಟರಿನ ದೂರ. ಆಂಪಿನಿಂದ ನಾಲ್ಕು ಹೆಜ್ಜೆ ಆಚೆ ನಿಂತವನಿಗೆ ಇದಕ್ಕಿಂತ ತಡವಾಗಿ ಕೇಳುತ್ತಿತ್ತು, ಯಾರೂ ದೂರಿರಲಿಲ್ಲ. ಡಿಜಿಟಲ್ ವೈರ್‌ಲೆಸ್, ಡಿಜಿಟಲ್ ಮಿಕ್ಸರ್ ಎಲ್ಲ ಸಾಲುಗೂಡಿ ಹತ್ತು ದಾಟಿದರೆ ಬೆರಳಿಗೂ ಕಿವಿಗೂ ನಡುವೆ ಸಡಿಲ ಕಾಣಬಹುದು.

ನಿಜವಾಗಿ ಕಳೆದುಹೋಗುವ ವಿದ್ಯೆ ಒಂದಿದೆ. ಜಿಮಿ ಹೆಂಡ್ರಿಕ್ಸ್ ಆಂಪಿನ ಮುಂದೆ ಗಿಟಾರ್ ಹಿಡಿದು ಸ್ವರವನ್ನು ಮೀಟದೆಯೇ ಊಳಿಡಿಸುತ್ತಿದ್ದದ್ದು ತಂತಿ ಮತ್ತು ಸ್ಪೀಕರಿನ ನಡುವಿನ ಕುಣಿಕೆಯಿಂದ: ಸ್ಪೀಕರಿನ ಗಾಳಿ ತಂತಿಯನ್ನು ಅದುರಿಸುತ್ತದೆ, ಆ ಅದುರು ಮತ್ತೆ ಸ್ಪೀಕರಿಗೆ ಹೋಗುತ್ತದೆ. ಕಿವಿಯೊಳಗಿನ ಮಾನಿಟರಿನಲ್ಲಿ ಕೇಳುತ್ತ ನುಡಿಸುವವನ ತಂತಿಗೆ ಆ ಗಾಳಿ ಸಿಗದು. ಎಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕಿದರೂ ಪ್ರಯೋಜನವಿಲ್ಲ, ಕುಣಿಕೆ ತುಂಡಾಗಿದೆ. ಹೀಗಾಗಿ ಕೆಲವರು ಮಾಡೆಲರನ್ನು ಮಿಕ್ಸರಿಗೂ ಕೊಟ್ಟು, ಬೆನ್ನ ಹಿಂದೆ ಒಂದು ಸ್ಪೀಕರನ್ನೂ ಇಟ್ಟುಕೊಳ್ಳುತ್ತಾರೆ.

ಜನರೇಟರ್ ನಂಬಿ ನಡೆಯುವ ಕಾರ್ಯಕ್ರಮಗಳಲ್ಲಿ ಇನ್ನೊಂದು ವ್ಯತ್ಯಾಸ ಎದ್ದು ಕಾಣುತ್ತದೆ. ಕರೆಂಟು ಅರೆಕ್ಷಣ ಹೋಗಿ ಬಂದರೆ ವಾಲ್ವ್ ಆಂಪಿನ ಕ್ಯಾಥೋಡು ಇನ್ನೂ ಬಿಸಿಯಾಗಿರುತ್ತದೆ, ಹಾಡಿನ ಮುಂದಿನ ಸಾಲಿಗೆ ಸದ್ದು ವಾಪಸ್ಸು. ಮಾಡೆಲರ್ ಕಂಪ್ಯೂಟರು, ಅದು ಮೊದಲಿನಿಂದ ಎದ್ದು, ತನ್ನ ಕಂಪನಿಯ ಹೆಸರನ್ನು ತೆರೆಯ ಮೇಲೆ ತೋರಿಸಿ, ಫೈಲುಗಳನ್ನೆಲ್ಲ ತೆರೆದುಕೊಳ್ಳುವಷ್ಟರಲ್ಲಿ ಪಲ್ಲವಿ ಮುಗಿದಿರುತ್ತದೆ. ಪೆಡಲ್ ಹಲಗೆಯ ಪಕ್ಕದಲ್ಲಿ ಒಂದು ಸಣ್ಣ ಯುಪಿಎಸ್ ಇದ್ದರೆ ಈ ಫಜೀತಿ ಇರುವುದಿಲ್ಲ.