ಒಲಿಂಪಿಕ್ಸ್ ಕಾಣದ ಹೆವಿವೇಟ್ ಚಾಂಪಿಯನ್

ಹವಾ ಸಿಂಗ್ ಹುಟ್ಟಿದ್ದು 1937ರ ಡಿಸೆಂಬರ್ 16ರಂದು, ಇಂದಿನ ಹರಿಯಾಣದ ಉಮರ್ವಾಸ್ ಎಂಬ ಹಳ್ಳಿಯಲ್ಲಿ. 1956ರಲ್ಲಿ ಸೇನೆಗೆ ಸೇರಿದರು. 1960ರಲ್ಲಿ ಮೊಹಬ್ಬತ್ ಸಿಂಗ್ ಅವರನ್ನು ಸೋಲಿಸಿ ವೆಸ್ಟರ್ನ್ ಕಮಾಂಡ್ ಚಾಂಪಿಯನ್ ಆದರು. ಮರುವರ್ಷವೇ ರಾಷ್ಟ್ರೀಯ ಹೆವಿವೇಟ್ ಪಟ್ಟ ಕೈಗೆ ಬಂತು. 1972ರ ತನಕ 11 ಬಾರಿ ಅದನ್ನು ಗೆದ್ದ ಅವರ ಎದುರು ದೇಶದೊಳಗೆ ಸಮನಾಗಿ ನಿಲ್ಲುವವರೇ ಇರಲಿಲ್ಲ.

ಆಗ 81 ಕಿಲೋ ದಾಟಿದವರೆಲ್ಲ ಹೆವಿವೇಟ್‌ಗಳೇ; ಸೂಪರ್ ಹೆವಿವೇಟ್ ವಿಭಾಗ ಬಂದದ್ದು 1980ರ ದಶಕದಲ್ಲಿ. ಹೀಗಾಗಿ ಎದುರಾಳಿ ಹತ್ತಿಪ್ಪತ್ತು ಕಿಲೋ ಹೆಚ್ಚು ತೂಗಿದರೂ ಕೇಳುವಂತಿರಲಿಲ್ಲ. ತಲೆಗೆ ರಕ್ಷಾಕವಚ ಇರಲಿಲ್ಲ. ಮೂರು ನಿಮಿಷದ ಮೂರು ಸುತ್ತುಗಳು, ಕೊನೆಗೆ ತೀರ್ಪುಗಾರರ ಅಂಕ. ಗೆದ್ದರೆ ಪದಕ ಸಿಗುತ್ತಿತ್ತೇ ಹೊರತು ಹಣವಲ್ಲ. ಇಂಥ ಆಟಕ್ಕೆ ಬೇಕಾದ ಊಟ, ಬಿಡುವು, ಸಂಬಳ ಮೂರನ್ನೂ ಒಟ್ಟಿಗೆ ಕೊಡುವ ಜಾಗವೆಂದರೆ ಸೇನೆಯೇ. ಹಲಸೂರು ಕೆರೆಯ ಬಳಿಯ ಎಂಇಜಿ, ದೊಮ್ಮಲೂರಿನ ನೆರೆಯ ಎಎಸ್‌ಸಿ ಸೇನಾ ಕೇಂದ್ರಗಳನ್ನು ದಿನವೂ ಹಾದುಹೋಗುವ ಬೆಂಗಳೂರಿನ ದಂಡಿನ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದಕ್ಷಿಣದಿಂದ ಮೇಲೆ ಬಂದ ಬಾಕ್ಸರುಗಳಲ್ಲಿ ಹೆಸರಾದವರು ಬಹುಪಾಲು ಕಡಿಮೆ ತೂಕದ ವಿಭಾಗದವರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಆಡಿದ ಮುನಿಸ್ವಾಮಿ ವೇಣು ಲೈಟ್‌ವೇಟ್. 1976ರ ಮಾಂಟ್ರಿಯಲ್‌ಗೆ ಹೋದ ಕೊಡಗಿನ ಚೇನಂಡ ಮಾಚಯ್ಯ ಲೈಟ್ ವೆಲ್ಟರ್‌ವೇಟ್. ಹೆವಿವೇಟ್ ಮಾತ್ರ ಪಂಜಾಬ್–ಹರಿಯಾಣದವರ ಪಾಲಾಗಿಯೇ ಉಳಿಯಿತು.

1966ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಹವಾ ಸಿಂಗ್ ಚಿನ್ನ ಗೆದ್ದರು. ಅರ್ಜುನ ಪ್ರಶಸ್ತಿ ಬಂದದ್ದೂ ಅದೇ ವರ್ಷ. 1970ರ ಕೂಟವೂ ಬ್ಯಾಂಕಾಕ್‌ನಲ್ಲೇ ನಡೆಯಿತು; ಫಲಿತಾಂಶವೂ ಬದಲಾಗಲಿಲ್ಲ. ಸತತ ಎರಡು ಏಷ್ಯನ್ ಕೂಟಗಳಲ್ಲಿ ಚಿನ್ನ ಗೆದ್ದ ಭಾರತೀಯ ಬಾಕ್ಸರ್ ಅವರೊಬ್ಬರೇ. 1982ರ ದೆಹಲಿ ಕೂಟದಲ್ಲಿ ಹೆವಿವೇಟ್ ಚಿನ್ನವನ್ನು ಮತ್ತೆ ತಂದ ಕೌರ್ ಸಿಂಗ್ ಕೂಡ ಸೈನಿಕರೇ. ಅದಕ್ಕೂ ಎರಡು ವರ್ಷ ಮೊದಲು ಅವರು ದೆಹಲಿಯಲ್ಲಿ ಮಹಮ್ಮದ್ ಅಲಿಯವರೊಡನೆ ಪ್ರದರ್ಶನ ಪಂದ್ಯ ಆಡಿದ್ದರು.

ಇಷ್ಟಾದರೂ ಹವಾ ಸಿಂಗ್ ಒಲಿಂಪಿಕ್ಸ್ ರಿಂಗ್‌ಗೆ ಕಾಲಿಡಲಿಲ್ಲ. ಅವರ ಶಕ್ತಿ ಉಚ್ಛ್ರಾಯದಲ್ಲಿದ್ದ 1964 ಮತ್ತು 1968ರಲ್ಲಿ ಭಾರತ ಬಾಕ್ಸರುಗಳನ್ನೇ ಕಳಿಸಲಿಲ್ಲ. ಆ ಎರಡು ಕೂಟಗಳ ಹೆವಿವೇಟ್ ಚಿನ್ನ ಅಮೆರಿಕದ ಜೋ ಫ್ರೇಜಿಯರ್ ಮತ್ತು ಜಾರ್ಜ್ ಫೋರ್‌ಮನ್ ಅವರದಾಯಿತು. ಮುಂದೆ ಇಬ್ಬರೂ ವೃತ್ತಿಪರ ವಿಶ್ವ ಚಾಂಪಿಯನ್‌ಗಳಾದರು. ಅವರೆದುರು ಹವಾ ಸಿಂಗ್ ಗೆಲ್ಲುತ್ತಿದ್ದರೆನ್ನುವುದು ಅಭಿಮಾನದ ಮಾತಾದೀತು. ಏಷ್ಯಾದ ಅಗ್ರ ಹೆವಿವೇಟ್‌ಗೆ ಒಂದು ಅವಕಾಶವನ್ನೂ ಕೊಡದ್ದು ಮಾತ್ರ ಕ್ರೀಡಾಡಳಿತದ ಸಣ್ಣತನವೇ ಸರಿ.

ನಿವೃತ್ತರಾದ ಮೇಲೆ ಅವರು ಹರಿಯಾಣದ ಭಿವಾನಿಯಲ್ಲಿ ಹುಡುಗರಿಗೆ ಬಾಕ್ಸಿಂಗ್ ಕಲಿಸತೊಡಗಿದರು. ಏಷ್ಯನ್ ಚಾಂಪಿಯನ್ ರಾಜ್‌ಕುಮಾರ್ ಸಾಂಗ್ವಾನ್ ಪಳಗಿದ್ದು ಹವಾ ಸಿಂಗ್ ಗರಡಿಯಲ್ಲೇ. ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿಗೆ ಹವಾ ಸಿಂಗ್ ಹೆಸರು ಆಯ್ಕೆಯಾಯಿತು. ಪ್ರದಾನಕ್ಕೆ ಎರಡು ವಾರವಷ್ಟೇ ಉಳಿದಿದ್ದಾಗ, 2000ದ ಆಗಸ್ಟ್ 14ರಂದು, ಅವರು ತೀರಿಕೊಂಡರು. ಪ್ರಶಸ್ತಿಯನ್ನು ಪತ್ನಿ ಸ್ವೀಕರಿಸಿದರು. ಎಂಟು ವರ್ಷಗಳ ಬಳಿಕ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದ ಐವರು ಭಾರತೀಯ ಬಾಕ್ಸರುಗಳಲ್ಲಿ ನಾಲ್ವರು ಭಿವಾನಿಯಲ್ಲಿ ತಯಾರಾದವರು. ಅವರನ್ನು ಬೆಳೆಸಿದ್ದು ಜಗದೀಶ್ ಸಿಂಗ್ ಅವರ ಭಿವಾನಿ ಬಾಕ್ಸಿಂಗ್ ಕ್ಲಬ್. ಆ ನಾಲ್ವರಲ್ಲೊಬ್ಬರಾದ ವಿಜೇಂದರ್ ಸಿಂಗ್ 75 ಕಿಲೋ ವಿಭಾಗದಲ್ಲಿ ಕಂಚು ಗೆದ್ದರು. ಬಾಕ್ಸಿಂಗ್‌ನಲ್ಲಿ ಭಾರತಕ್ಕೆ ಸಿಕ್ಕ ಮೊದಲ ಒಲಿಂಪಿಕ್ ಪದಕ ಅದು.