ತಂತಿ, ಮನಸ್ಸು, ಸಂಬಂಧ: ಕ್ರಿಯಾ ಸಂಶೋಧನೆಗೆ ಮೂರು ಬಗೆಯ ಅಳತೆ

ಬಿ.ಇಡಿ. ತರಬೇತಿಯಲ್ಲಿ ನಾವೆಲ್ಲರೂ ಒಂದು ಕ್ರಿಯಾ ಸಂಶೋಧನೆ ಮಾಡಿ ವರದಿ ಒಪ್ಪಿಸಬೇಕು. ಗ್ರಂಥಾಲಯದಲ್ಲಿರುವ ಹಿಂದಿನ ವರ್ಷಗಳ ವರದಿಗಳನ್ನು ತೆರೆದು ನೋಡಿದರೆ ಹೆಚ್ಚಿನವು ಒಂದೇ ಅಚ್ಚಿನಲ್ಲಿವೆ. ಮೊದಲು ಪೂರ್ವ ಪರೀಕ್ಷೆ, ನಂತರ ಒಂದೆರಡು ವಾರ ಹೊಸ ಚಟುವಟಿಕೆ, ಕೊನೆಗೆ ಉತ್ತರ ಪರೀಕ್ಷೆ, ಆಮೇಲೆ ಶೇಕಡಾವಾರು ಪಟ್ಟಿ ಮತ್ತು ಸ್ತಂಭಾಲೇಖ. ಭಾಗಾಕಾರ ಬಾರದಿರುವುದು, ಓದಿದ್ದು ಮರೆತುಹೋಗುವುದು, ಗುಂಪಿನಲ್ಲಿ ಬೆರೆಯದಿರುವುದು, ಹೀಗೆ ಸಮಸ್ಯೆ ಯಾವುದೇ ಇರಲಿ, ಅಳತೆ ಮಾತ್ರ ಒಂದೇ.

ವಿಶ್ವವಿದ್ಯಾನಿಲಯಗಳಲ್ಲಿ ನಡೆಯುವ ಸಂಶೋಧನೆಯನ್ನು ಗಮನಿಸಿದರೆ ಹೀಗಿಲ್ಲ. ವಸ್ತುವನ್ನು ಅಭ್ಯಸಿಸುವವರು, ಮನಸ್ಸನ್ನು ಅಭ್ಯಸಿಸುವವರು, ಮನುಷ್ಯ ಸಂಬಂಧಗಳನ್ನು ಅಭ್ಯಸಿಸುವವರು ಬೇರೆಬೇರೆ ದಾರಿ ಹಿಡಿದಿದ್ದಾರೆ. ಅದಕ್ಕೆ ಕಾರಣವೂ ಇದೆ. ಅಳೆಯಲು ಹೋದಾಗ ಈ ಮೂರೂ ನಡೆದುಕೊಳ್ಳುವ ರೀತಿ ಬೇರೆ. ಈ ವ್ಯತ್ಯಾಸವನ್ನು ನಮ್ಮ ನಾಡಿನ ಉದಾಹರಣೆಗಳಿಂದಲೂ, ಪರಶುರಾಂಪುರದಲ್ಲಿ ಎಂಟನೇ ತರಗತಿಗೆ ಪಾಠ ಮಾಡಿದ ಅನುಭವದಿಂದಲೂ ವಿವರಿಸುವುದು ಈ ಲೇಖನದ ಉದ್ದೇಶ.

1. ತಂತಿ ಕೇಳಿಸಿಕೊಳ್ಳುವುದಿಲ್ಲ

ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಸರ್ಲ್‌ನ ಉಪಕರಣದಿಂದ ಯಂಗ್ ಗುಣಾಂಕ ಕಂಡುಹಿಡಿಯುವ ಪ್ರಯೋಗವನ್ನು ನಮ್ಮಲ್ಲಿ ಅನೇಕರು ಮಾಡಿದ್ದೇವೆ. 1 ಮೀಟರ್ ಉದ್ದದ, 1 ಮಿ.ಮೀ. ವ್ಯಾಸದ ಉಕ್ಕಿನ ತಂತಿಗೆ 10 ಕಿ.ಗ್ರಾಂ ತೂಕ ತೂಗುಬಿಟ್ಟರೆ ಅದು ಸುಮಾರು 0.6 ಮಿ.ಮೀ.ನಷ್ಟು ಹಿಗ್ಗುತ್ತದೆ. ತೂಕ ತೆಗೆದರೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಇಂದು ಮಾಡಿದರೂ ನಾಳೆ ಮಾಡಿದರೂ, ಬೆಂಗಳೂರಿನಲ್ಲಿ ಮಾಡಿದರೂ ಚಳ್ಳಕೆರೆಯಲ್ಲಿ ಮಾಡಿದರೂ ಉತ್ತರ ಹೆಚ್ಚುಕಡಿಮೆ ಅದೇ. ತನ್ನನ್ನು ಯಾರು ಅಳೆಯುತ್ತಿದ್ದಾರೆ, ಏಕೆ ಅಳೆಯುತ್ತಿದ್ದಾರೆ ಎಂಬುದು ತಂತಿಗೆ ಬೇಕಿಲ್ಲ.

ಆದರೂ ಆ ಪ್ರಯೋಗದಲ್ಲಿ ತೂಕ ಏರಿಸುವಾಗ ಒಮ್ಮೆ, ಇಳಿಸುವಾಗ ಒಮ್ಮೆ ಅಳತೆ ಬರೆದುಕೊಳ್ಳುತ್ತೇವೆ. ತಂತಿ ನಿಜವಾಗಿಯೂ ಹಿಂದಿನ ಸ್ಥಿತಿಗೆ ಬಂದಿದೆಯೇ ಎಂದು ತಿಳಿಯುವುದು ಇಳಿಸುವಾಗಲೇ. ವಸ್ತು ವಿಜ್ಞಾನ ಕಲಿಸುವ ಮೊದಲ ಪಾಠ ಇದು: ಭಾರ ಹೊತ್ತಾಗ ಏನಾಯಿತು ಎನ್ನುವಷ್ಟೇ ಮುಖ್ಯ, ಭಾರ ಇಳಿದ ಮೇಲೆ ಏನು ಉಳಿಯಿತು ಎನ್ನುವುದು.

ಈ ಪಾಠಕ್ಕೆ ನಮ್ಮ ಸೀಮೆಯಲ್ಲಿ ಎರಡು ಒಳ್ಳೆಯ ವಸ್ತುಗಳಿವೆ. ಒಂದು ಚಳ್ಳಕೆರೆಯ ಕಂಬಳಿಯ ಉಣ್ಣೆ, ಇನ್ನೊಂದು ಮೊಳಕಾಲ್ಮೂರು ಸೀರೆಯ ರೇಷ್ಮೆ. ಎರಡೂ ಪ್ರೋಟೀನು. ಉಣ್ಣೆಯದು ಕೆರಾಟಿನ್, ರೇಷ್ಮೆಯದು ಫೈಬ್ರಾಯಿನ್. ಉಣ್ಣೆಯ ಅಣುಸರಪಳಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಎಳೆದರೆ ಸುರುಳಿ ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಮತ್ತೆ ಸುತ್ತಿಕೊಳ್ಳಲು ನೋಡುತ್ತದೆ. ರೇಷ್ಮೆಯ ಸರಪಳಿಗಳು ಮೊದಲೇ ನೀಳವಾಗಿ ಪದರಪದರವಾಗಿ ಜೋಡಿಸಿಕೊಂಡಿರುತ್ತವೆ. ಆದ್ದರಿಂದ ಗಟ್ಟಿ, ಆದರೆ ಉಣ್ಣೆಯಷ್ಟು ಹಿಗ್ಗಿ ಮರಳುವುದಿಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಆಸ್ಟ್‌ಬರಿ ಅವರು ಎಳೆಯದ ಉಣ್ಣೆಗೂ ಎಳೆದ ಉಣ್ಣೆಗೂ ಎಕ್ಸ್‌-ಕಿರಣ ಹಾಯಿಸಿ, ಒಳರಚನೆಯೇ ಬದಲಾಗುವುದನ್ನು ತೋರಿಸಿದರು. ಪ್ರೋಟೀನುಗಳ ರಚನೆಯ ಅಧ್ಯಯನಕ್ಕೆ ದಾರಿ ಮಾಡಿದ ಕೆಲಸಗಳಲ್ಲಿ ಅದೂ ಒಂದು.

ನಮ್ಮ ರಾಜ್ಯದಲ್ಲಿ ಇಂತಹ ಸಂಶೋಧನೆಯ ದೊಡ್ಡ ಮನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಸಿ.ಎನ್.ಆರ್. ರಾವ್ ಅವರು 1976ರಲ್ಲಿ ಅಲ್ಲಿ ಘನಸ್ಥಿತಿ ಮತ್ತು ರಚನಾ ರಸಾಯನವಿಜ್ಞಾನ ಘಟಕವನ್ನು ಕಟ್ಟಿದರು. ಅದೇ ಸಂಸ್ಥೆಯ ಎರಡನೆಯ ಆವರಣ ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಸುಮಾರು 1,500 ಎಕರೆಯಲ್ಲಿದೆ. ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ನಡೆಯುತ್ತದೆ. ಮಕ್ಕಳು "ಕುದಾಪುರದಲ್ಲಿ ಏನ್ ಮಾಡ್ತಾರೆ ಮಿಸ್?" ಎಂದು ಕೇಳಿದಾಗ, ಹಳೆಯ ಕಂಬಳಿಯಿಂದ ಬಿಡಿಸಿದ ಒಂದು ಎಳೆ ನೂಲು, ಅಳತೆಪಟ್ಟಿ, ತೂಕದ ಕಲ್ಲು ಇಷ್ಟರಿಂದಲೇ ಉತ್ತರ ಆರಂಭಿಸಬಹುದು. ನೂಲು ಪೂರ್ತಿ ಹಿಂದಕ್ಕೆ ಬರುವುದಿಲ್ಲ ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಕೈನೂಲಿನಲ್ಲಿ ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಆ ಜಾರಿದ್ದು ಹಾಗೇ ಉಳಿಯುತ್ತದೆ.

2. ಮನಸ್ಸು ಕೇಳಿಸಿಕೊಳ್ಳುತ್ತದೆ

ಮನೋವಿಜ್ಞಾನ ವಿಭಾಗವನ್ನು ಬಹು ಬೇಗ ತೆರೆದ ಭಾರತದ ವಿಶ್ವವಿದ್ಯಾನಿಲಯಗಳಲ್ಲಿ ಮೈಸೂರೂ ಒಂದು. 1924ರಲ್ಲಿ ಅದನ್ನು ಆರಂಭಿಸಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಅಭ್ಯಾಸ ಮಾಡಿ ಬಂದವರು. 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರ ಆರಂಭಿಸಿದವರೂ ಅವರೇ. ಬುದ್ಧಿಶಕ್ತಿ ಸಿದ್ಧಾಂತಗಳ ಪಾಠದಲ್ಲಿ ನಾವು ಓದುವ ಸ್ಪಿಯರ್‌ಮನ್ ಅವರ ನೇರ ಶಿಷ್ಯರೊಬ್ಬರು ಮಹಾರಾಜ ಕಾಲೇಜಿನಲ್ಲಿ ಕನ್ನಡದ ಮಕ್ಕಳಿಗೆ ಪಾಠ ಹೇಳಿದ್ದರು ಎಂಬುದು ನಮಗೆ ನೆನಪಿರಬೇಕು.

ಮನಸ್ಸನ್ನು ಅಳೆಯುವಲ್ಲಿ ಇರುವ ತೊಡಕೆಂದರೆ, ಅಳತೆಯೇ ಅದಕ್ಕೆ ಒಂದು ಪಾಠವಾಗುತ್ತದೆ. ತಂತಿಗೆ ಎರಡು ಸಲ ತೂಕ ಹಾಕಿದರೆ ಎರಡನೆಯ ಸಲ ಅದು 'ಅಭ್ಯಾಸ' ಮಾಡಿಕೊಂಡು ಬಂದಿರುವುದಿಲ್ಲ. ಮಗುವಿಗೆ ಪೂರ್ವ ಪರೀಕ್ಷೆ ಕೊಟ್ಟರೆ ಯಾವ ಬಗೆಯ ಪ್ರಶ್ನೆ ಬರುತ್ತದೆ ಎಂದು ಅದು ಆಗಲೇ ಕಲಿತಿರುತ್ತದೆ. ಉತ್ತರ ಪರೀಕ್ಷೆಯ ಅಂಕ ಏರಿದರೆ ಅದರಲ್ಲಿ ನಮ್ಮ ಚಟುವಟಿಕೆಯ ಪಾಲೆಷ್ಟು, ಪೂರ್ವ ಪರೀಕ್ಷೆಯ ಪಾಲೆಷ್ಟು ಎಂದು ಹೇಳುವುದು ಕಷ್ಟ.

ಇನ್ನೊಂದು ತೊಡಕು ಕಾಲದ್ದು. ಓದಿದ್ದು ಕಾಲ ಕಳೆದಂತೆ ಹೇಗೆ ಮರೆಯುತ್ತದೆ ಎಂಬುದನ್ನು 1885ರಲ್ಲೇ ಜರ್ಮನಿಯ ಎಬ್ಬಿಂಗ್‌ಹಾಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದರು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಓದಿದರು. ನಂತರ ಅದನ್ನೇ ಮತ್ತೊಮ್ಮೆ ಓದಿದ್ದು ಒಂದು ಕ್ರಮ; ಮತ್ತೆ ಓದದೆ, ನೆನಪಿರುವುದನ್ನು ಬರೆದದ್ದು ಇನ್ನೊಂದು ಕ್ರಮ. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು: ಶೇ. 81 ಮತ್ತು ಶೇ. 75. ಒಂದು ವಾರದ ನಂತರ ಲೆಕ್ಕ ತಿರುಗಿತು. ಮತ್ತೆ ಓದಿದವರಿಗೆ ಶೇ. 42, ನೆನಪಿನಿಂದ ಬರೆದವರಿಗೆ ಶೇ. 56 ನೆನಪಿತ್ತು.

ಉತ್ತರ ಪರೀಕ್ಷೆಯನ್ನು ಚಟುವಟಿಕೆ ಮುಗಿದ ದಿನವೇ ಮಾಡಿದರೆ ಯಾವ ಪದ್ಧತಿ ಉತ್ತಮ ಎಂಬ ತೀರ್ಮಾನವೇ ತಲೆಕೆಳಗಾಗಬಹುದು ಎಂದು ಇದರಿಂದ ತಿಳಿಯುತ್ತದೆ. ತಂತಿಯ ತೂಕ ಇಳಿಸಿ ನೋಡುವ ಹಾಗೆಯೇ ಇದು. ಪಾಠದ ಭಾರ ಇಳಿದು ಒಂದು ವಾರ ಕಳೆದ ಮೇಲೆ ಮಗುವಿನಲ್ಲಿ ಏನು ಉಳಿದಿದೆ ಎಂದು ನೋಡಬೇಕು.

3. ಸಂಬಂಧದೊಳಗೆ ಅಳೆಯುವವರೂ ಇರುತ್ತಾರೆ

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸಮೀಪದ ಒಂದು ಹಳ್ಳಿಯಲ್ಲಿ ಇದ್ದುಕೊಂಡು ಅಲ್ಲಿನ ಜನರ ಸಂಬಂಧಗಳನ್ನು ಅಭ್ಯಸಿಸಿದರು. ಬರಹದಲ್ಲಿ ಆ ಹಳ್ಳಿಗೆ 'ರಾಂಪುರ' ಎಂದು ಹೆಸರಿಟ್ಟರು. (ಇದು ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರವಲ್ಲ.) ಅವರು ತಂಗಿದ್ದು ಊರಿನ ಪಟೇಲರಿಗೆ ಸೇರಿದ ಮನೆಯಲ್ಲಿ. ಯಾರ ಮನೆಯಲ್ಲಿದ್ದಾರೆ ಎಂಬುದು ಇಡೀ ಊರಿಗೆ ತಿಳಿದಿರುವಾಗ, ಯಾರು ಅವರೊಂದಿಗೆ ಎಷ್ಟು ಬಿಚ್ಚಿ ಮಾತಾಡುತ್ತಾರೆ ಎನ್ನುವುದೂ ಅದನ್ನು ಅವಲಂಬಿಸುತ್ತದೆ. ಸಂಬಂಧವನ್ನು ಅಳೆಯುವವರು ದೂರ ನಿಂತು ತೂಕ ಹಾಕಲಾರರು. ತಾವೂ ಅದರ ಒಂದು ಎಳೆಯಾಗುತ್ತಾರೆ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡಿನಲ್ಲಿ ನಡೆದ ಬೆಂಕಿ ಅನಾಹುತದಲ್ಲಿ ಅವರು ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪನ್ನೇ ಆಧಾರವಾಗಿಟ್ಟು ಬರೆದ ಪುಸ್ತಕ, 'ದಿ ರಿಮೆಂಬರ್ಡ್ ವಿಲೇಜ್', 1976ರಲ್ಲಿ ಹೊರಬಂತು. ಉಕ್ಕಿನ ತಂತಿಯ ಅಳತೆ ಸುಟ್ಟುಹೋದರೆ ಮತ್ತೆ ಅಳೆಯಬಹುದು. 1948ರ ಒಂದು ಹಳ್ಳಿಯನ್ನು ಮತ್ತೆ ಅಳೆಯಲಾಗದು.

ಸಾಮಾಜಿಕ ಅಳತೆಗಳು ಹಳತಾಗುತ್ತವೆ ಎಂಬುದಕ್ಕೆ ನಾವು ಬಳಸುವ ಸಾಧನವೇ ಸಾಕ್ಷಿ. ಮೈಸೂರಿನಲ್ಲಿ ಮನೋವಿಜ್ಞಾನ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿ ಅವರ 1976ರ ಸಾಮಾಜಿಕ-ಆರ್ಥಿಕ ಸ್ಥಿತಿ ಮಾಪನಿ ಶಿಕ್ಷಣ, ಉದ್ಯೋಗ, ಆದಾಯ ಈ ಮೂರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬೆಲೆ ಏರಿದಂತೆ ಅದರ ಆದಾಯದ ಅಂಕಣವನ್ನು ಮತ್ತೆಮತ್ತೆ ಪರಿಷ್ಕರಿಸಬೇಕಾಗುತ್ತದೆ. ಯಂಗ್ ಗುಣಾಂಕಕ್ಕೆ ಆ ಗತಿ ಇಲ್ಲ.

ತರಗತಿಯೊಳಗಿನ ಸಂಬಂಧ ಅಳೆಯಲು ನಮಗೆ ಕಲಿಸುವ ಸಾಧನ ಸಮಾಜಮಿತಿ. ಮನೋವೈದ್ಯ ಜೇಕಬ್ ಮೊರೆನೊ ಅವರ 1934ರ ಪುಸ್ತಕದಿಂದ ಅದು ಪ್ರಸಿದ್ಧವಾಯಿತು. ಪರಶುರಾಂಪುರದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ನಾನು ಕೇಳಿದ ಪ್ರಶ್ನೆ: "ಪ್ರಯೋಗ ಮಾಡಲು ಯಾರ ಜೊತೆ ಕೂರಲು ಇಷ್ಟ? ಮೂರು ಹೆಸರು ಬರೆಯಿರಿ." ಚೀಟಿಗಳನ್ನು ಮಡಿಸಿ ಪಡೆದು, ಮನೆಗೆ ಹೋಗಿ ಬಾಣಗಳ ನಕ್ಷೆ ಬರೆದೆ. ಒಬ್ಬ ಹುಡುಗಿಯ ಕಡೆಗೆ ಒಂದು ಬಾಣವೂ ಬರಲಿಲ್ಲ. ತಂದೆ ತಾಯಿ ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಅವಳೂ ಜೊತೆಗೆ ಹೋಗಿ ತಡವಾಗಿ ಶಾಲೆಗೆ ಮರಳಿದವಳು. ಮನೆಮಾತು ತೆಲುಗು, ಆದರೆ ಗಡಿಯ ಈ ಊರಿನಲ್ಲಿ ಅದು ಹಲವು ಮಕ್ಕಳ ಮನೆಮಾತು, ಹಾಗಾಗಿ ಕಾರಣ ಭಾಷೆಯಲ್ಲ.

ಪುಸ್ತಕದ ಪ್ರಕಾರ ಆ ಮಗು 'ಏಕಾಂಗಿ'. ಆದರೆ ನಕ್ಷೆಯನ್ನು ಇನ್ನೊಮ್ಮೆ ನೋಡಿದರೆ ಅವಳಿಂದ ಹೊರಟ ಮೂರು ಬಾಣಗಳಿದ್ದವು. ಮೂರು ಹೆಸರನ್ನೂ ಅವಳು ದುಂಡಗೆ ಬರೆದಿದ್ದಳು. ಏಕಾಂಗಿ ಎಂಬ ಹಣೆಪಟ್ಟಿ ಬಾರದ ಬಾಣಗಳನ್ನು ಎಣಿಸುತ್ತದೆ, ಹೊರಟ ಬಾಣಗಳನ್ನು ಮರೆಮಾಡುತ್ತದೆ. ಅವಳಲ್ಲಿ ಬೆರೆಯುವ ಇಚ್ಛೆ ಇತ್ತು, ತರಗತಿಯಲ್ಲಿ ಅವಳಿಗೆ ಜಾಗ ಇರಲಿಲ್ಲ. ಈ ಎರಡಕ್ಕೆ ಪರಿಹಾರ ಬೇರೆಬೇರೆ.

ಇನ್ನೊಂದನ್ನೂ ಗಮನಿಸಿದೆ. ಅದೇ ದಿನ ಬಿಡುವಿನಲ್ಲಿ ಹುಡುಗಿಯರು "ನನ್ ಹೆಸ್ರು ಬರ್ದೇನೇ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಚೀಟಿಯ ಮೇಲಿನ ಪ್ರಶ್ನೆ ಅಂಗಳಕ್ಕೆ ಇಳಿದು ತನ್ನ ಕೆಲಸ ಆರಂಭಿಸಿತ್ತು.

ಮುಂದಿನ ವಾರ ನಾಲ್ಕು ಮಕ್ಕಳ ಗುಂಪುಗಳಲ್ಲಿ ಕಂಬಳಿ ನೂಲಿನ ಪ್ರಯೋಗ ನಡೆಯಿತು. ಆ ಹುಡುಗಿಯನ್ನು ಅವಳೇ ಹೆಸರಿಸಿದ ಒಬ್ಬಳ ಗುಂಪಿಗೆ ಸೇರಿಸಿದೆ. ಅಳತೆಪಟ್ಟಿ ಓದುವ ಕೆಲಸ ಅವಳದಾಯಿತು. ಅವಳು ಅಳತೆ ಹೇಳದೆ ಉಳಿದವರು ಬರೆಯುವಂತಿರಲಿಲ್ಲ. ಎರಡು ವಾರದ ನಂತರ "ಮುಂದಿನ ಪ್ರಯೋಗಕ್ಕೆ ಯಾರ ಸಹಾಯ ಬೇಕು?" ಎಂದು ಪ್ರಶ್ನೆ ಬದಲಿಸಿ ಕೇಳಿದಾಗ ಇಬ್ಬರು ಅವಳ ಹೆಸರು ಬರೆದರು. ಇದನ್ನು 'ಗುಂಪು ಪದ್ಧತಿಯ ಯಶಸ್ಸು' ಎಂದು ಬರೆಯುವುದು ಸುಲಭ. ಆದರೆ ಅವಳು ಮರಳಿ ಬಂದು ಇನ್ನಷ್ಟು ದಿನ ಕಳೆದಿದ್ದವು; ಆ ದಿನಗಳಲ್ಲಿ ನಾನೂ ಅವಳ ಹೆಸರನ್ನು ಹೆಚ್ಚು ಕರೆದಿದ್ದೆ; ಪ್ರಶ್ನೆಯೂ ಬೇರೆಯಾಗಿತ್ತು. ಆದ್ದರಿಂದ ವರದಿಯಲ್ಲಿ ಎರಡು ಬಾಣಗಳನ್ನೂ ಮೂರು ಕಾರಣಗಳನ್ನೂ ಜೊತೆಗೇ ಬರೆದಿದ್ದೇನೆ.

ಶಿಕ್ಷಕರ ನೋಟ ಸಣ್ಣ ಸಂಗತಿಯಲ್ಲ. ರೊಸೆಂತಾಲ್ ಮತ್ತು ಜೇಕಬ್‌ಸನ್ ಅವರ 1968ರ ಅಧ್ಯಯನದಲ್ಲಿ, ಲಾಟರಿಯಂತೆ ಆರಿಸಿದ ಕೆಲವು ಮಕ್ಕಳನ್ನು 'ಇವರು ಈ ವರ್ಷ ಮುಂದೆ ಬರುತ್ತಾರೆ' ಎಂದು ಶಿಕ್ಷಕರಿಗೆ ಹೇಳಲಾಗಿತ್ತು. ವರ್ಷದ ಕೊನೆಗೆ ಒಂದು ಮತ್ತು ಎರಡನೇ ತರಗತಿಗಳಲ್ಲಿ ಆ ಮಕ್ಕಳ ಅಂಕ ಹೆಚ್ಚು ಏರಿತ್ತು. ಮೇಲಿನ ತರಗತಿಗಳಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ಆ ಅಧ್ಯಯನದ ಅಳತೆಗಳ ಬಗ್ಗೆ ನಂತರ ಬಹಳ ಚರ್ಚೆ ನಡೆಯಿತು. ಆದರೂ 'ಮುಂದೆ ಬರುವವರು' ಎಂಬ ಮಾತಿಗೆ ಇರಬಹುದಾದ ಶಕ್ತಿ 'ಏಕಾಂಗಿ' ಎಂಬ ಮಾತಿಗೂ ಇರಬಹುದು ಎಂದು ಎಚ್ಚರದಿಂದಿರುವುದು ನಮ್ಮ ಹೊಣೆ.

4. ನಮ್ಮ ವರದಿಗಳಿಗೆ ಕೆಲವು ಸಲಹೆಗಳು

• ಮೊದಲು ಸಮಸ್ಯೆಯ ಜಾತಿ ಗುರುತಿಸೋಣ. ಅದು ವಸ್ತುವಿನ ಕೊರತೆಯೇ (ಉಪಕರಣ, ಬೆಳಕು, ಕರಿಹಲಗೆ), ಕಲಿಕೆಯದೇ, ಸಂಬಂಧದ್ದೇ? ಹಿಂದಿನ ಬೆಂಚಿಗೆ ಕರಿಹಲಗೆ ಕಾಣದಿದ್ದರೆ ಅದಕ್ಕೆ ಮನೋವಿಜ್ಞಾನ ಬೇಕಿಲ್ಲ.

• ಕಲಿಕೆಯ ಸಮಸ್ಯೆಯಾದರೆ ಉತ್ತರ ಪರೀಕ್ಷೆಯನ್ನು ಎರಡು ಸಲ ಮಾಡೋಣ: ಮುಗಿದ ದಿನ ಒಮ್ಮೆ, ಒಂದು ವಾರದ ನಂತರ ಒಮ್ಮೆ. ಪ್ರಶ್ನೆಗಳು ಬೇರೆಯಾಗಿರಲಿ, ಕಠಿಣತೆ ಒಂದೇ ಇರಲಿ.

• ಸಂಬಂಧದ ಸಮಸ್ಯೆಯಾದರೆ 'ಯಾರು ಇಷ್ಟವಿಲ್ಲ?' ಎಂಬ ಪ್ರಶ್ನೆ ಬೇಡ. ಬಾಣದ ನಕ್ಷೆ ತರಗತಿಯ ಗೋಡೆಗೂ ಹೋಗಬಾರದು, ಹೆಸರುಗಳ ಸಮೇತ ವರದಿಗೂ ಹೋಗಬಾರದು. ಹೊರಟ ಬಾಣಗಳನ್ನೂ ಎಣಿಸೋಣ.

• ನಾವು ಏನು ಮಾಡಿದೆವು, ಎಷ್ಟು ಸಲ ಆ ಮಗುವಿನ ಬಳಿ ಹೋದೆವು ಎಂಬುದೂ ದತ್ತಾಂಶವೇ. ಅದನ್ನೂ ಬರೆಯೋಣ.

• ನಮ್ಮ ಅಭ್ಯಾಸ ಬೋಧನೆ ಕೆಲವು ವಾರಗಳದ್ದು. ಸಂಬಂಧದ ಕೆಲಸ ಆರಂಭಿಸುವ ಮೊದಲೇ ಅದನ್ನು ಮುಂದುವರಿಸುವವರು ಯಾರು ಎಂದು ತರಗತಿ ಶಿಕ್ಷಕರೊಂದಿಗೆ ಮಾತಾಡಿಕೊಳ್ಳೋಣ.

ಈ ಕೊನೆಯ ಸಲಹೆ ನನಗೆ ಎಲ್ಲಕ್ಕಿಂತ ಮುಖ್ಯ. ನಾವು ಹಾಕಿದ ಭಾರ ಇಳಿಯುವುದು ನಾವು ಶಾಲೆ ಬಿಟ್ಟು ಬಂದ ದಿನ. ಆಗ ಏನು ಉಳಿಯುತ್ತದೆ ಎಂಬುದನ್ನು ನೋಡಲು ನಾವು ಅಲ್ಲಿರುವುದಿಲ್ಲ. ಆ ಎಂಟನೇ ತರಗತಿಯ ವಿಜ್ಞಾನ ಶಿಕ್ಷಕಿ ನಾಲ್ಕರ ಗುಂಪುಗಳನ್ನು ವರ್ಷದ ಕೊನೆಯವರೆಗೆ ಹಾಗೇ ಇರಿಸಲು ಒಪ್ಪಿದ್ದಾರೆ. ಅಳತೆಪಟ್ಟಿ ಓದುವ ಕೆಲಸ ಸರದಿಯಲ್ಲಿ ಬದಲಾಗುತ್ತದೆ.