ಹಸಿದ ಮಕ್ಕಳಿಗೆ ಊಟ: ಒಳ್ಳೆಯ ಮನಸ್ಸಿನ ಜೊತೆಗೆ ತಿಳಿವಳಿಕೆಯೂ ಇರಲಿ

ಕಟ್ಟಡ ಕಾರ್ಮಿಕರ ಶೆಡ್‌ಗಳಿಗೆ, ಜೋಪಡಿಗಳಿಗೆ ಊಟದ ಪಾತ್ರೆ ಹೊತ್ತು ಹೋಗುವ ಕಾಲೇಜು ಹುಡುಗ-ಹುಡುಗಿಯರು ಇಂದು ಅಪರೂಪವಲ್ಲ. ಆದರೆ ಈ ಕೆಲಸದ ಸುತ್ತ ಕೆಲವು ತಪ್ಪು ಕಲ್ಪನೆಗಳು ಬೇರೂರಿವೆ.

ತಪ್ಪು ಕಲ್ಪನೆ 1: ಇದಕ್ಕೆ ದುಡ್ಡಿರಬೇಕು, ಓದುವ ಮಕ್ಕಳಿಂದ ಆಗದು.

ವಾಸ್ತವ: 2014ರಲ್ಲಿ ದೆಹಲಿಯಲ್ಲಿ ಶುರುವಾದ ರಾಬಿನ್ ಹುಡ್ ಆರ್ಮಿ ಹಣದ ದೇಣಿಗೆಯನ್ನೇ ಪಡೆಯುವುದಿಲ್ಲ. ಹೋಟೆಲುಗಳಲ್ಲಿ ಮಿಕ್ಕ ಊಟವನ್ನು ಸ್ವಯಂಸೇವಕರು ತಂದು ಹಂಚುತ್ತಾರೆ. ಇಲ್ಲಿ ಬೇಕಾದ ಬಂಡವಾಳ ಸಮಯ. ರಾಷ್ಟ್ರೀಯ ಸೇವಾ ಯೋಜನೆ (ಎನ್ನೆಸ್ಸೆಸ್) ಸೇರಿದವರು ಹೇಗೂ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು.

ತಪ್ಪು ಕಲ್ಪನೆ 2: ಛತ್ರದಲ್ಲಿ ಮಿಕ್ಕ ಊಟವನ್ನು ರಾತ್ರಿ ತಂದಿಟ್ಟು ಬೆಳಿಗ್ಗೆ ಬಿಸಿ ಮಾಡಿ ಕೊಡಬಹುದು.

ವಾಸ್ತವ: ಅಪಾಯ ಇರುವುದು ಇಲ್ಲಿಯೇ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಕುದಿಸಿದರೂ ಹೋಗದು. ಅಪೌಷ್ಟಿಕತೆಯಿಂದ ಬಳಲುವ ಮಗುವಿಗೆ ವಾಂತಿಭೇದಿ ಜೀವಕ್ಕೇ ಕುತ್ತು. ಮಿಕ್ಕ ಆಹಾರದ ಸಂಗ್ರಹ, ಹಂಚಿಕೆಗೆಂದೇ 2019ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್ಎಸ್ಎಸ್ಎಐ ನಿಯಮಾವಳಿ ತಂದಿದೆ. ಅಡುಗೆ ಯಾವಾಗ ಆಯಿತೆಂದು ಮೊದಲು ಕೇಳಿ. ಎಲೆಗೆ ಬಡಿಸಿ ಮಿಕ್ಕಿದ್ದನ್ನು ತರಬೇಡಿ. ಮೊಸರನ್ನ, ಕಾಯಿ ಚಟ್ನಿ ಬೇಗ ಹಳಸುತ್ತವೆ, ಬಿಡಿ. ಬಿಸಿ ಆರುವ ಮುನ್ನವೇ ಹಂಚಿ ಮುಗಿಸಿ. ಅನುಮಾನ ಬಂದರೆ ಚೆಲ್ಲಿ.

ತಪ್ಪು ಕಲ್ಪನೆ 3: ಹೊಟ್ಟೆ ತುಂಬಿದರೆ ಹಸಿವು ನೀಗಿತು.

ವಾಸ್ತವ: ಬರೀ ಚಿತ್ರಾನ್ನದಿಂದ ಹೊಟ್ಟೆ ತುಂಬೀತು, ಮಗು ಬೆಳೆಯದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳು ದಾಟಿದ ಪುಟಾಣಿಗಳಲ್ಲಿ ಶೇ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಬಿಸ್ಕತ್ತು, ಚಿಪ್ಸ್ ಪೊಟ್ಟಣದ ದುಡ್ಡಿನಲ್ಲಿ ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಹೆಸರುಕಾಳಿನ ಉಸಲಿ ಕೊಡಬಹುದು. ತೀರಾ ಎಳೆಯ ಮಕ್ಕಳಿಗೆ ಇಡೀ ಕಡಲೆಬೀಜ ಮಾತ್ರ ಬೇಡ, ಗಂಟಲಿಗೆ ಸಿಕ್ಕೀತು.

ತಪ್ಪು ಕಲ್ಪನೆ 4: ಫೋಟೊ ಹಾಕಿದರೆ ಇನ್ನಷ್ಟು ಜನ ಮುಂದೆ ಬರುತ್ತಾರೆ.

ವಾಸ್ತವ: ಬರಬಹುದು. ಆದರೆ ತಟ್ಟೆ ಚಾಚಿದ ಮುಖ ಊರೆಲ್ಲ ಹರಿದಾಡುವುದು ಆ ಮಗುವಿಗೆ ಬೇಕಿಲ್ಲ. ಪಾತ್ರೆಯ, ಬಡಿಸುವ ಕೈಗಳ ಚಿತ್ರ ಸಾಕು.

ತಪ್ಪು ಕಲ್ಪನೆ 5: ನಾವು ಹೋಗದಿದ್ದರೆ ಆ ಮಕ್ಕಳಿಗೆ ಬೇರೆ ಗತಿಯಿಲ್ಲ.

ವಾಸ್ತವ: ಗತಿ ಇದೆ, ಅಲ್ಲಿಗೆ ದಾರಿ ತೋರಿಸುವವರಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯಲ್ಲಿ ಆಹಾರ ಪಡೆಯುವುದು ಹಕ್ಕು. ನಮ್ಮ ರಾಜ್ಯದ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿವರೆಗೂ ಬಿಸಿಯೂಟವಿದೆ. ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದ ಎಷ್ಟೋ ತಂದೆತಾಯಿಯರು ಕಾಗದಪತ್ರ ಇಲ್ಲವೆಂದು ಹೆದರಿ ಶಾಲೆಯ ಬಾಗಿಲಿಗೇ ಹೋಗುವುದಿಲ್ಲ. ಆದರೆ ವಯಸ್ಸಿನ ದಾಖಲೆ ಇಲ್ಲ, ವರ್ಗಾವಣೆ ಪತ್ರ (ಟಿ.ಸಿ.) ತಡವಾಗಿದೆ ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ.

ಭಾನುವಾರದ ಊಟ ಒಂದು ದಿನದ್ದು, ಶಾಲೆಗೆ ಸೇರಿದ ಮಗುವಿಗೆ ಶಾಲೆಯಿರುವ ದಿನವೆಲ್ಲ ಊಟ. ಆದ್ದರಿಂದ ಬಡಿಸಿ ಮುಗಿದ ಮೇಲೆ ಯಾವ ಮಗು ಶಾಲೆಗೆ, ಅಂಗನವಾಡಿಗೆ ಹೋಗುತ್ತಿಲ್ಲ ಎಂದು ಪಟ್ಟಿ ಮಾಡಿ. ಸೋಮವಾರ ಅದರ ತಾಯಿಯನ್ನು ಜೊತೆಗೆ ಕರೆದುಕೊಂಡು ಮುಖ್ಯಶಿಕ್ಷಕರ ಬಳಿಗೆ, ಅಂಗನವಾಡಿ ಕಾರ್ಯಕರ್ತೆಯ ಬಳಿಗೆ ಹೋಗಿ ಹೆಸರು ಬರೆಸಿ.